ಹಾಗರಳ ಮುಖ

ಪ್ಯಾರಿಸ್, ಬತಿನ್ಯೋಲ್
ಸೋಮವಾರ, 19 ಜನವರಿ 1874

ನನ್ನ ಸೊಲಾಂಜ್,

ನಿನ್ನ ಎರಡೂ ಕೆನ್ನೆಗೆ ಅಕ್ಕನ ಮುತ್ತು. ಕೆನ್ನೆ ಅಂದೆನೆಂದು ಬೇಸರ ಮಾಡಿಕೊಳ್ಳಬೇಡ. ಈ ಪತ್ರದಲ್ಲಿ ಕೆನ್ನೆಯ ಮಾತು ಬಹಳ ಬರುತ್ತದೆ, ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸಕಲ ಸಂತರ ಹಬ್ಬದ ದಿನ ನೀನು ಬರೆದ ಪತ್ರ ನಾಲ್ಕನೆಯ ದಿನವೇ ನನ್ನ ಕೈ ಸೇರಿತು. ಉತ್ತರ ಯಾಕೆ ತಡವಾಯಿತು ಎಂಬುದಕ್ಕೆ ಒಂದು ಚೆಂದದ ನೆವ ಹುಡುಕಿ ಈ ಬೆಳಿಗ್ಗೆ ನಾಲ್ಕು ಹಾಳೆ ಹರಿದೆ. ಮೊದಲನೆಯದರಲ್ಲಿ ನನಗೆ ಜ್ವರ ಬಂದಿತ್ತು. ಎರಡನೆಯದರಲ್ಲಿ ನಿನ್ನ ಭಾವನಿಗೆ. ಮೂರನೆಯದರಲ್ಲಿ ಅಂಚೆಯವನು ಪತ್ರ ಕಳೆದಿದ್ದ. ನಾಲ್ಕನೆಯದರಲ್ಲಿ ಮನೆಯ ಛಾವಣಿಯೇ ಕುಸಿದಿತ್ತು. ಒಂದು ಸುಳ್ಳಿಗಾಗಿ ಇಷ್ಟೊಂದು ಹಾನಿ ಬೇಡ ಅನ್ನಿಸಿತು. ನಿಜ ಇಷ್ಟೇ: ಪತ್ರ ಬಂದ ದಿನವೇ ಓದಿದೆ, ಓದಿ ಬಚ್ಚಿಟ್ಟೆ. ಒಗೆದ ಹಾಸುಬಟ್ಟೆಗಳ ಕಪಾಟಿನಲ್ಲಿ, ಲ್ಯಾವೆಂಡರ್ ಗಂಟಿನ ಅಡಿಯಲ್ಲಿ. ಈಗ ಅದಕ್ಕೆ ಸ್ವರ್ಗದ ಪರಿಮಳ. ಒಳಗಿರುವ ಮಾತಿಗೂ ಆ ಪರಿಮಳಕ್ಕೂ ಸಂಬಂಧವೇ ಇಲ್ಲ.

ನಿನ್ನ ಗಂಡ ಬ್ಲೇಸ್ ಯುದ್ಧದಲ್ಲಿ ಸತ್ತ ಮೇಲೆ ಅವನ ಅಣ್ಣನ ಮನೆಯಲ್ಲಿ ಇದ್ದೀಯ. ಊಟಕ್ಕೆ ಕೂತಾಗ ನಿನ್ನ ವಾರಗಿತ್ತಿ ಏನೆನ್ನುತ್ತಾಳೆ ಎಂದು ಬರೆದಿದ್ದೆ: "ಸ್ವಲ್ಪ ಆ ಕಡೆ ತಿರುಗಿ ಕೂತ್ಕೊಳ್ಳೇ ಸೊಲಾಂಜ್, ಮಕ್ಕಳು ನಿನ್ನ ಮುಖ ನೋಡಿ ಉಣ್ಣಲ್ಲ." ಅದರ ಕೆಳಗೆ ನಿನ್ನ ಕೈಬರಹ ಸೊಟ್ಟಗಾಗಿತ್ತು. "ಅಕ್ಕಾ, ಅಟ್ಟದ ಮೇಲೆ ಒಂದು ಮೂಲೆ ಕೊಡು. ಬಟ್ಟೆ ಒಕ್ಕೊಂಡು, ನೆಲ ಒರೆಸ್ಕೊಂಡು ಇರ್ತೀನಿ. ಗೋಡೆ ಕಡೆ ತಿರುಗಿ ಉಣ್ಣೋದು ಸಾಕಾಗಿದೆ."

ಬೇರೆ ಯಾವ ಅಕ್ಕನಾದರೂ ಅಂದೇ ಸಂಜೆಯ ಅಂಚೆಗೆ "ಬಾ" ಎಂದು ಬರೆದುಬಿಡುತ್ತಿದ್ದಳು. ಕೆಳಗೆ ಬಾಗಿಲು ಕಾಯುವ ಮದಾಮ್ ಕುರ್ತಿಯೋ ಪತ್ರ ಕೊಟ್ಟವಳು ಹೋಗದೆ ಅಲ್ಲೇ ನಿಂತು, "ಏನ್ರೀ ಮದಾಮ್, ಊರಿಂದ ಪತ್ರ ಬಂದ್ರೆ ಮುಖ ಅರಳ್ಬೇಕು. ನಿಮ್ದು ಯಾಕೆ ಬಿರಡೆ ತೆಗೆದಿಟ್ಟ ವೈನ್ ಹಾಗೆ ಹುಳಿ ಆಯ್ತು?" ಎಂದಳು. ತಂಗಿಗೆ ಕಷ್ಟ ಅಂದೆ. "ಹಾಗಾದ್ರೆ ಕರೆಸ್ಕೊಳ್ಳಿ" ಅಂದಳು. ಅವಳಿಗೇನು, ಅವಳ ತಂಗಿಯ ಮುಖ ಅವಳ ಗೋಡೆಯ ಮೇಲೆ ಇಲ್ಲ.

ಸೊಲಾಂಜ್, ಹದಿನೈದು ವರ್ಷ ನಾನು ನಿನ್ನ ಮುಖದ ಜೊತೆ ಸಂಸಾರ ಮಾಡಿದ್ದೇನೆ. ಇದನ್ನು ಯಾರಿಗೂ ಹೇಳಿಲ್ಲ. ಪಾಪನಿವೇದನೆಗೆ ಹೋದಾಗ ಪಾದ್ರಿಗಳಿಗೂ ಹೇಳಿಲ್ಲ, ಅಡುಗೆಯವಳ ಮೇಲೆ ಸಿಡುಕಿದೆ ಅಂತ ಹೇಳಿ ಎದ್ದು ಬಂದಿದ್ದೇನೆ.

ನಿನ್ನ ಭಾವ ಎವಾರಿಸ್ಟ್ ಗೊಂದ್ರಿ ಮೊದಲ ಸಲ ನಮ್ಮೂರಿಗೆ ಬಂದ ಬೇಸಿಗೆ ನೆನಪಿದೆಯಲ್ಲ? ತಲೆಯ ಮೇಲೆ ಒಣಹುಲ್ಲಿನ ಟೋಪಿ, ಕೈಯಲ್ಲಿ ಬಣ್ಣದ ಪೆಟ್ಟಿಗೆ. ಅಪ್ಪನ ದ್ರಾಕ್ಷಿತೋಟದ ಮೇಲಿನ ಕೋಣೆ ಹಿಡಿದರು. ಹೊಲದಲ್ಲಿ ತೆನೆ ಆಯುವ ಬೈಬಲಿನ ರೂತಳ ಚಿತ್ರ ಮಾಡಬೇಕು ಅಂದರು. ನಮ್ಮಿಬ್ಬರನ್ನೂ ಕಟ್ಟೆಯ ಮೇಲೆ ನಿಲ್ಲಿಸಿ, ಸಂತೆಯಲ್ಲಿ ಕರು ನೋಡುವವರ ಹಾಗೆ ಸುತ್ತಿ ಸುತ್ತಿ ನೋಡಿ, ನಿನ್ನಿಂದ ಮುಖ ತೆಗೆದುಕೊಂಡರು, ನನ್ನಿಂದ ತೋಳು. ಆಗ ನಾವು ಎಷ್ಟು ನಕ್ಕೆವು! "ಹಾಗಾದ್ರೆ ಉಳಿದ ಸೊಲಾಂಜ್‌ನ ಏನ್ ಮಾಡ್ತೀರಿ, ಬಿಸಾಕ್ತೀರಾ?" ಅಂತ ನೀನು ಕೇಳಿದ್ದೆ.

ಅವರ ಪಂಥದ ಚಿತ್ರಕಾರರೆಲ್ಲ ಹಾಗೆಯೇ. ಒಬ್ಬ ಹೆಂಗಸನ್ನು ಇದ್ದ ಹಾಗೆ ಬರೆಯುವುದು ಅವರಿಗೆ ಪಾಪ. ದೇವರು ಒಬ್ಬಳಿಗೇ ಎಲ್ಲವನ್ನೂ ಕೊಡುವುದಿಲ್ಲವಂತೆ, ಆ ತಪ್ಪನ್ನು ಇವರು ತಿದ್ದುತ್ತಾರಂತೆ. ಸೋಮವಾರ ಬೆಳಿಗ್ಗೆ ಪಿಗಾಲ್ ಚೌಕದ ಕಾರಂಜಿಯ ಸುತ್ತ ಮಾಡೆಲ್‌ಗಳು ನೆರೆಯುತ್ತಾರೆ. ಅಲ್ಲಿಂದ ಒಬ್ಬಳನ್ನು ಭುಜಕ್ಕೆಂದು, ಇನ್ನೊಬ್ಬಳನ್ನು ಪಾದಕ್ಕೆಂದು ಕರೆತರುತ್ತಾರೆ, ನಾವು ಸೂಪಿಗೆ ಒಂದು ಕಡೆ ಗಜ್ಜರಿ, ಇನ್ನೊಂದು ಕಡೆ ಈರುಳ್ಳಿ ಆರಿಸಿದ ಹಾಗೆ. ಆದರೆ ಮುಖ ಮಾತ್ರ ಯಾವ ಸಂತೆಯಿಂದಲೂ ಬರಲಿಲ್ಲ. ಆ ಬೇಸಿಗೆ ನಿನ್ನನ್ನು ನೋಡಿ ತುಂಬಿಸಿದ ರೇಖಾಚಿತ್ರದ ಪುಸ್ತಕದಿಂದಲೇ ಬಂತು. ನಮ್ಮ ಮನೆಗೆ ಬಂದು ನೋಡು: ಸಾಯುತ್ತಿರುವ ಸಂತ ಅಗಾಥಾ ನೀನು, ನಿದ್ದೆ ಹೋದ ಅಪ್ಸರೆ ನೀನು. ಕೊನೆಗೆ ದೇವದೂತ ಗೇಬ್ರಿಯೆಲನೂ ನೀನೇ, ರೆಕ್ಕೆಯೊಂದು ಬಿಟ್ಟರೆ.

ರೂತಳ ಚಿತ್ರ ಸಲೋನ್ ಪ್ರದರ್ಶನಕ್ಕೆ ಹೋದಾಗ ನಾನು ಹೊಸ ಟೋಪಿ ಹಾಕಿಕೊಂಡು ಅದರ ಕೆಳಗೆ ನಿಂತಿದ್ದೆ. ಜನ ಗುಂಪಾಗಿ ಬಂದರು. "ಆಹಾ ಮುಖ!" ಅಂದರು. "ಎಂಥ ಮುಖ!" ಅಂದರು. ನಾನು ಕೈಗವಸು ಬಿಚ್ಚಿ, ತೋಳು ಮೊಣಕೈವರೆಗೆ ಕಾಣುವ ಹಾಗೆ ನಿಂತೆ, ಯಾರಾದರೂ ಗುರುತು ಹಿಡಿದಾರು ಎಂದು. ಒಬ್ಬ ಮುದುಕ ಕನ್ನಡಕ ಏರಿಸಿ ಬಗ್ಗಿ ನೋಡಿದ. ಪಕ್ಕದವನಿಗೆ ಹೇಳಿದ: "ಮುಖ ದೇವತೇದು ಕಣಯ್ಯಾ. ತೋಳು ಮಾತ್ರ ಅಗಸಗಿತ್ತೀದು." ನಾನು ಕೈಗವಸು ಮತ್ತೆ ಹಾಕಿಕೊಂಡೆ.

ಇನ್ನು ಮದುವೆಯ ಮಾತು. ಅವರು ಅಪ್ಪನ ಹತ್ತಿರ ಬಂದು "ನಿಮ್ಮ ಮಗಳನ್ನ ಕೇಳೋಕೆ ಬಂದಿದೀನಿ" ಅಂದದ್ದನ್ನು ನಾವಿಬ್ಬರೂ ಬಾಗಿಲ ಹಿಂದೆ ನಿಂತು ಕೇಳಿದೆವು. ಹೆಸರು ಹೇಳಲಿಲ್ಲ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ದೊಡ್ಡ ಪೀಪಾಯಿ ಇರೋವಾಗ ಚಿಕ್ಕದರ ಬಿರಡೆ ತೆಗೆಯೋ ಪದ್ಧತಿ ನಮ್ಮಲ್ಲಿಲ್ಲ, ಮುಸ್ಯೋ" ಎಂದು ನಕ್ಕು, "ಫಿಲಿಬೆರ್ಟ್, ಲೋಟ ತಾ!" ಎಂದು ಕೂಗಿಬಿಟ್ಟ. ನಾನು ಲೋಟ ತಂದೆ. ಅವರು ನನ್ನನ್ನು ನೋಡಿದರು, ಎದ್ದು ನಿಂತರು, ಬಗ್ಗಿ ವಂದಿಸಿದರು. ಮದುವೆ ಆಗಿಹೋಯಿತು. ಯಾರನ್ನು ಕೇಳಲು ಬಂದಿದ್ದರು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೇಳದೆ ಬಿಟ್ಟ ಪ್ರಶ್ನೆ ಬೂಟಿನೊಳಗೆ ಹರಳಿದ್ದ ಹಾಗೆ ಸೊಲಾಂಜ್. ನಡೆಯುವುದಂತೂ ನಡೆಯುತ್ತೇವೆ.

ಒಂದು ಸಲ ಊಟದ ಕೋಣೆಯ ನಿನ್ನ ಚಿತ್ರವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟೆ. ಯಾಕೆ ಅಂತ ಕೇಳಿದರು. ಬಣ್ಣ ಒಣಗಲಿ ಅಂತ ಅಂದೆ. "ಅದು ಒಣಗಿ ಆರು ವರ್ಷ ಆಯ್ತಲ್ಲೇ" ಅಂದರು. ಮತ್ತೆ ತಿರುಗಿಸಿದೆ. ನಿನ್ನ ವಾರಗಿತ್ತಿಯನ್ನು ಬೈಯಲು ನನಗೆ ಬಾಯಿಲ್ಲ, ನೋಡು.

ಈಗ ಬರೆಯುವುದನ್ನು ನೀನು ಕೂತುಕೊಂಡು ಓದು. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ನಾನೊಬ್ಬಳೇ ಊರಿಗೆ ಬಂದೆನಲ್ಲ. ಯುದ್ಧದ ಚಳಿಗಾಲದಲ್ಲಿ ನಿನಗೆ ಸಿಡುಬು ಬಂದದ್ದು ಗೊತ್ತಿತ್ತು, ಉಳಿದೆ ಅನ್ನುವುದೂ ಗೊತ್ತಿತ್ತು. ಮುಖ ಉಳಿದಿಲ್ಲ ಅನ್ನುವುದು ಗೊತ್ತಿರಲಿಲ್ಲ. ಅಮ್ಮನ ಮಂಚದ ಪಕ್ಕ ನೀನು ಮುಸುಕು ಸರಿಸಿದೆ. ನಾನು ನಿನ್ನನ್ನು ಅಪ್ಪಿಕೊಂಡು ಅತ್ತೆ. ಅಳು ನಿಜವಾದದ್ದೇ. ಆದರೆ ವಾಪಸು ಬರುವಾಗ, ರೈಲು ದಿಜೋನ್ ದಾಟಿದ ಮೇಲೆ, ನನಗೆ ಹಸಿವಾಯಿತು. ನೀನು ಕಟ್ಟಿಕೊಟ್ಟ ರೊಟ್ಟಿ, ಹಂದಿಮಾಂಸ ಎಲ್ಲ ತಿಂದೆ. ಅಮ್ಮನನ್ನು ಮಣ್ಣು ಮಾಡಿ ಬಂದವಳು, ಎದುರು ಕೂತವರು ನೋಡಿ ಆಶ್ಚರ್ಯಪಡುವ ಹಾಗೆ, ಚೂರೂ ಬಿಡದೆ ತಿಂದೆ. ಯಾಕಿಷ್ಟು ರುಚಿ ಎಂದು ಯೋಚಿಸಿದೆ. ಕಾರಣ ಹೊಳೆದಾಗ ಕೊನೆಯ ತುತ್ತು ಇನ್ನೂ ಬಾಯಲ್ಲಿತ್ತು. ಆದರೂ ನುಂಗಿದೆ.

ನಿನ್ನ ಭಾವನಿಗೆ ಇದನ್ನು ಹೇಳಲಿಲ್ಲ. ಹೇಳುವಾಗ ನನ್ನ ಮುಖದಲ್ಲಿ ಸಂತೋಷ ಕಂಡುಬಿಟ್ಟರೆ ಏನು ಗತಿ ಎಂದು ಹೆದರಿದೆ. ಅವರ ಕಸುಬೇ ಮುಖ ಓದುವುದು.

ಹೀಗಿರುವಾಗ ಈ ಚಳಿಗಾಲ ಅವರು ಹೊಸ ಚಿತ್ರಕ್ಕೆ ಕೈಹಾಕಿದರು. ಅಬ್ರಹಾಮನ ಹೆಂಡತಿ ಸಾರಳು ಮತ್ಸರ ತಾಳದೆ ದಾಸಿ ಹಾಗರಳನ್ನು ಮಗುವಿನ ಸಮೇತ ಮರುಭೂಮಿಗೆ ಅಟ್ಟುತ್ತಾಳಲ್ಲ, ಅದೇ ಕಥೆ. ಸಾರಳ ತೋಳಿಗೆ ನಾನು. ಹೊರಗೆ ಹೋಗು ಎಂದು ಬಾಗಿಲ ಕಡೆ ಚಾಚಿದ ತೋಳು. ಎಷ್ಟು ಹೊತ್ತೆಂದು ಎತ್ತಿ ಹಿಡಿಯುವುದು? ಚಿತ್ರಶಾಲೆಯ ತೊಲೆಯಿಂದ ಹಗ್ಗದ ಕುಣಿಕೆ ಇಳಿಬಿಟ್ಟು ಮಣಿಕಟ್ಟನ್ನು ಅದರಲ್ಲಿ ತೂರಿಸಿ ನಿಲ್ಲಿಸುತ್ತಾರೆ. ನಾಲ್ಕು ವಾರ ಹಾಗೆ ನಿಂತೆ. ನಿನ್ನನ್ನು ಕರೆಯಬೇಕಾದ ಕೈ ಹಗ್ಗಕ್ಕೆ ನೇತುಬಿದ್ದು ಯಾರನ್ನೋ ಓಡಿಸುತ್ತಿತ್ತು.

"ಫಿಲಿ, ಬೆರಳು ಬಿಗಿ ಮಾಡು. ನೀನು ದಾಸೀನ ಓಡಿಸ್ತಾ ಇದೀಯ, ಕೋಳಿಗೆ ಕಾಳು ಹಾಕ್ತಾ ಇಲ್ಲ."

"ದಾಸಿ ಎಲ್ಲಿದಾಳೆ? ಬಿಳೀ ಬಟ್ಟೆ ಮೇಲೆ ಕೋಪ ಮಾಡ್ಕೋ ಅಂದ್ರೆ ಹೇಗ್ರೀ?"

ನಿಜವೇ. ಮರುಭೂಮಿ, ಡೇರೆ, ಮಗು, ನೀರಿನ ಚೀಲ ಎಲ್ಲ ಬಂದಿತ್ತು. ಹಾಗರಳ ಮುಖದ ಜಾಗ ಮಾತ್ರ ಖಾಲಿ.

"ಅದಕ್ಕೇ ನಿನ್ನ ತಂಗೀನ ಕರೆಸು. ಆ ಪುಸ್ತಕದಲ್ಲಿರೋ ಮುಖ ಎಲ್ಲ ಹದಿನೇಳರದು, ಎಲ್ಲ ಕೆಳಗೆ ನೋಡ್ತವೆ. ಹಾಗರಳು ತಿರುಗಿ ನೋಡ್ಬೇಕು. ಕಷ್ಟ ಕಂಡಿರೋ ಹೆಂಗಸಾಗ್ಬೇಕು. ಸೊಲಾಂಜೇ ಬೇಕು."

ಆಗಲಿ ಬರೆಯುತ್ತೇನೆ ಅಂದೆ. ಬರೆಯಲಿಲ್ಲ. ಕ್ರಿಸ್ಮಸ್ ಬಂತು. "ಉತ್ತರ ಬಂತಾ?" ಇಲ್ಲ. ಹೊಸ ವರ್ಷ ಬಂತು. "ಬಂತಾ?" ದ್ರಾಕ್ಷಿಬಳ್ಳಿ ಕತ್ತರಿಸುವ ಕಾಲ, ಅವಳಿಗೆ ಪುರುಸೊತ್ತಿಲ್ಲ ಅಂದೆ. ನೀನು ಬರುತ್ತೇನೆ ಎಂದು ಬೇಡಿಕೊಂಡ ಪತ್ರ ಕಪಾಟಿನಲ್ಲಿ, ನಿನ್ನನ್ನು ಕರೆಸು ಎನ್ನುವ ಮನುಷ್ಯ ಎದುರಿನಲ್ಲಿ, ನಡುವೆ ಹಗ್ಗಕ್ಕೆ ಕೈಕೊಟ್ಟು ನಿಂತ ನಾನು.

ಹೋದ ಗುರುವಾರ ಅವರ ತಾಳ್ಮೆ ಮುಗಿಯಿತು. ಚಿತ್ರ ಮಾರ್ಚ್ ಇಪ್ಪತ್ತರೊಳಗೆ ಸಲೋನಿಗೆ ಹೋಗಬೇಕು. "ಶನಿವಾರದ ರೈಲಿಗೆ ನಾನೇ ಹೋಗಿ ಕರ್ಕೊಂಡು ಬರ್ತೀನಿ" ಅಂದರು.

ಆಗ ಹೇಳಿದೆ. ಸಿಡುಬು, ಕೆನ್ನೆ, ಹಣೆ, ಎಲ್ಲ. ಎರಡು ವರ್ಷ ಒಳಗೇ ಮಸೆದಿಟ್ಟ ಚೂರಿ ಅದು. ಒಂದೇ ಏಟಿಗೆ ನಿನ್ನ ಮುಖ ನನ್ನ ಮನೆಯ ಗೋಡೆಗಳಿಂದ ಉದುರಿಹೋಗುತ್ತದೆ ಅಂದುಕೊಂಡೆ.

ಅವರು ಬಣ್ಣದ ಹಲಗೆ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು. ಆಮೇಲೆ ಕೇಳಿದರು, "ಅವಳಿಗೆ ತುಂಬ ನೋವಾಗಿತ್ತಾ?"

ಸೊಲಾಂಜ್, ನಾನು ಅದನ್ನು ನಿನ್ನ ಹತ್ತಿರ ಕೇಳಿಯೇ ಇಲ್ಲ.

"ಕಣ್ಣು ಉಳಿದಿದಾವೆ ತಾನೆ?"

"ಉಳಿದಿದಾವೆ."

"ಮೂಗು ಸರಿಯಾಗಿದೆಯಾ? ಹಣೆ ಎತ್ತಿ ನೋಡೋ ರೀತಿ?"

"ಹಾಗೇ ಇದೆ."

"ಹಾಗಾದ್ರೆ ಆಯ್ತಲ್ಲ. ಕರೆಸು."

"ಮುಖ ಹಾಳಾಗಿದೆ ಅಂತ ಹೇಳ್ತಾ ಇದೀನಿ!" ಎಂದು ಕಿರುಚಿದೆ. ಅವರು ಎದ್ದು ಮೆತ್ತನೆಯ ರೋಮದ ಅಗಲ ಕುಂಚ ತಂದು ನನ್ನ ಮೂಗಿನ ಮುಂದೆ ಹಿಡಿದರು. ಬಣ್ಣ ಹಸಿಯಿರುವಾಗ ಅದನ್ನು ಆಡಿಸಿದರೆ ಸಾಕು, ಕುಂಚದ ಗುರುತೆಲ್ಲ ಅಳಿಸಿ ಚರ್ಮ ಪಿಂಗಾಣಿಯ ಹಾಗಾಗುತ್ತದೆ. ಅವರ ಹೆಸರಿರುವುದೇ ಆ ನುಣುಪಿಗೆ.

"ನನ್ನ ಚಿತ್ರದಲ್ಲಿ ಯಾರಿಗೆ ಯಾವತ್ತು ಕಲೆ ಇತ್ತೇ, ಫಿಲಿ? ಹೋದ ಸಲ ಲಾಜರ ನಾಲ್ಕು ದಿನದ ಹೆಣ, ಅವನ ಕೆನ್ನೆ ಹೇಗಿತ್ತು? ಸೇಬು. ಕುಷ್ಠರೋಗೀನೂ ಮಾಡಿದೀನಿ, ಮೈಮೇಲೆ ಒಂದು ಗುಳಿ ಇಲ್ಲ. ಸಿಡುಬು ಒಂದು ಲೆಕ್ಕವಾ?"

ನೋಡಿದೆಯಾ? ಸಿಡುಬಿಗೂ ನಿನ್ನನ್ನು ಸೋಲಿಸಲಾಗಲಿಲ್ಲ. ದೇವರೇ ಕೆಡಿಸಿದ ಮುಖವನ್ನು ಈ ಮನುಷ್ಯ ಒಂದು ಕುಂಚದಿಂದ ನೆಟ್ಟಗೆ ಮಾಡುತ್ತಾನೆ, ನನಗೆ ಮಾತ್ರ ಮತ್ತೆ ತೋಳು. ಎಲ್ಲಿತ್ತೋ ಕೋಪ, ಕುಣಿಕೆಯಿಂದ ಕೈ ಕಿತ್ತುಕೊಂಡು ಕೇಳಿಯೇಬಿಟ್ಟೆ: "ಹಾಗಾದ್ರೆ ರೂತಳ ತೋಳಿಗೆ ಯಾಕೆ ಇದನ್ನ ಆಡಿಸಲಿಲ್ಲ? ಅಗಸಗಿತ್ತಿ ತೋಳು ಅಂತ ಊರೆಲ್ಲ ಆಡ್ಕೊಳ್ತು!"

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ತೋಳು ಸರಿಯಾಗಿತ್ತಲ್ಲ" ಅಂದರು. "ಸರಿ ಇರೋದನ್ನ ನಾನ್ಯಾಕೆ ಮುಟ್ಟಲಿ?" ಎಂದು ಹೇಳಿ, ಪೈಪು ಎಲ್ಲಿಟ್ಟೆ ಅಂತ ಹುಡುಕತೊಡಗಿದರು.

ಇದು ಪ್ರೀತಿಯೋ, ಸೋಮಾರಿತನವೋ ಎಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ನಿನಗೆ ತಿಳಿದರೆ ಹೇಳು.

ಹಾಗರಳ ಮುಖದ ವಿಷಯ ಆಮೇಲೆ ಹೇಗೋ ಬಗೆಹರಿಯಿತು. ಬರೆಯುವಷ್ಟು ದೊಡ್ಡ ಸಂಗತಿಯಲ್ಲ. ನೀನು ಅದಕ್ಕಾಗಿ ಬರಬೇಕಾಗಿಲ್ಲ, ಹಗ್ಗಕ್ಕೆ ಕೈಕೊಟ್ಟು ನಿಲ್ಲಬೇಕಾಗಿಲ್ಲ.

ಆದರೆ ಅವರು ಕೇಳಿದ ಆ ಮೊದಲ ಮಾತು ನನ್ನನ್ನು ಬಿಡಲಿಲ್ಲ. ಕಪಾಟು ತೆಗೆದು ನಿನ್ನ ಪತ್ರ ಮತ್ತೆ ಓದಿದೆ. ಮೊದಲ ಸಲ ಓದಿದ್ದಾಗ ಅದರಲ್ಲಿ ಒಬ್ಬ ಸುಂದರಿ ನನ್ನ ಮನೆಗೆ ಬರುತ್ತೇನೆ ಅನ್ನುತ್ತಿದ್ದಳು. ಈ ಸಲ ನನ್ನ ತಂಗಿ ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದಳು.

ನನ್ನ ಉತ್ತರ ಇದು: ಬಾ. ಅಟ್ಟದ ಮೂಲೆಯಲ್ಲ, ಬೀದಿಯ ಕಡೆ ಕಿಟಕಿಯಿರುವ ಕೋಣೆ ನಿನ್ನದು. ಬಟ್ಟೆ ಒಗೆಯಲು ಇಲ್ಲಿ ಹೆಂಗಸರಿದ್ದಾರೆ. ಊಟಕ್ಕೆ ನನ್ನ ಎದುರಿಗೇ ಕೂರಬೇಕು, ದೀಪದ ಕೆಳಗೆ. ನಿನ್ನ ಮುಖ ನೋಡುತ್ತ ಉಣ್ಣುವ ಅಭ್ಯಾಸ ನನಗೆ ಹದಿನೈದು ವರ್ಷದ್ದು. ನಿಜವಾದದ್ದೂ ಒಂದು ದಿನ ಅಭ್ಯಾಸವಾದೀತು. ನೋವಾಗಿತ್ತಾ ಎಂದು ಆಗ ಕೇಳುತ್ತೇನೆ. ನೀನು ಹೇಳುವಷ್ಟು ಹೊತ್ತೂ ಕೂತು ಕೇಳುತ್ತೇನೆ.

ಒಂದೇ ಮಾತು, ಮಾರ್ಚ್ ಇಪ್ಪತ್ತಮೂರರ ಸೋಮವಾರ ಹೊರಡು, ಅದಕ್ಕೆ ಮುಂಚೆ ಬೇಡ. ಕೋಣೆಗೆ ಸುಣ್ಣ ಬಳಿಸಬೇಕು, ಒಲೆಯ ಕೊಳವೆ ಹೊಗೆಯಾಡುತ್ತದೆ, ಸಲೋನಿಗೆ ಮುಂಚೆ ನಿನ್ನ ಭಾವ ಮನುಷ್ಯರ ಹಾಗಿರುವುದಿಲ್ಲ. ರೈಲು ನಿಲ್ದಾಣಕ್ಕೆ ನಾನೇ ಬರುತ್ತೇನೆ. ಮುಸುಕು ಹಾಕಿಕೊಂಡು ಬರಬೇಡ, ನನಗೆ ಗುರುತು ಸಿಗುವುದಿಲ್ಲ.

ನಿನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟ, ಇನ್ನೂ ಅಷ್ಟಿಷ್ಟು ಪಡುತ್ತಿರುವ, ಆದರೂ ನಿನ್ನವಳೇ ಆದ ಅಕ್ಕ,

ಫಿಲಿಬೆರ್ಟ್

ಮುಚ್ಚಿದ ಲಕೋಟೆ ಮತ್ತೆ ತೆರೆದು ಬರೆದದ್ದು: ಸುಣ್ಣ ಡಿಸೆಂಬರಿನಲ್ಲೇ ಬಳಿದಾಗಿದೆ. ಒಲೆ ಚೆನ್ನಾಗಿ ಉರಿಯುತ್ತದೆ. ಕಾರಣ ಬೇರೆ. ಗುರುವಾರ ಅವರು ಪೈಪು ಹುಡುಕುತ್ತಿದ್ದಾಗ ನಾನು ಸಿಟ್ಟಿನಿಂದ ಹೊರಟು, ಬಾಗಿಲಿಗೆ ಹೋದವಳು ತಿರುಗಿ ನಿಂತು, ಅಪ್ಪನ ಮನೆಗೆ ಆವತ್ತು ಯಾರನ್ನು ಕೇಳಲು ಬಂದಿರಿ ಎಂದು ಕೇಳಿಬಿಟ್ಟೆ. ಅವರು "ಅಲ್ಲೇ ನಿಲ್ಲು! ಬಾಯಿ ಮುಚ್ಚು, ಕೋಪ ಬಿಡಬೇಡ!" ಎಂದು ಕೂಗಿ ಇದ್ದಿಲ ಕಡ್ಡಿ ಎತ್ತಿಕೊಂಡರು. ಬೆಳಕು ಹೋಗುವವರೆಗೆ ನಿಂತೆ. ನಿನ್ನೆ ಮುಗಿಯಿತು. ಹಾಗರಳ ಮುಖ ನನ್ನದು, ಸೊಲಾಂಜ್. ಕಣ್ಣ ಕೆಳಗಿನ ಗೆರೆಗಳನ್ನೆಲ್ಲ ಆ ಕುಂಚದಿಂದ ಒರೆಸಿಬಿಟ್ಟರು. ನಾನೂ ಬೇಡ ಅನ್ನಲಿಲ್ಲ. ಬಣ್ಣ ಇನ್ನೂ ಹಸಿ. ನೀನು ಬಾಗಿಲಲ್ಲಿ ಕಂಡರೆ ಅವರು ಚೂರಿಯಿಂದ ನನ್ನನ್ನು ಕೆರೆದು ನಿನ್ನನ್ನು ಕೂರಿಸುತ್ತಾರೋ ಎಂಬ ಭಯಕ್ಕೆ ಇಪ್ಪತ್ತಮೂರು ಅಂದೆ. ಆದರೆ ಎರಡು ತಿಂಗಳು ಎಂದರೆ ಎಷ್ಟು ಊಟ ಎಂದು ಈಗ ಎಣಿಸಿದೆ. ಈ ಪತ್ರ ಸಿಕ್ಕಿದ ಮರುದಿನವೇ ಹೊರಡು. ಚಿತ್ರ ಮನೆ ದಾಟುವವರೆಗೆ ಚಿತ್ರಶಾಲೆಯ ಬೀಗದಕೈ ನನ್ನ ಜೇಬಿನಲ್ಲಿರುತ್ತದೆ, ಅದನ್ನು ಮಾತ್ರ ಕೇಳಬೇಡ.